ಯಾರ ಬಾಯಲ್ಲಿ ಬಂದರೆ ತಪ್ಪು? ಡಚ್ ಭಾಷೆಯ ಒಳಗಡಿಗಳು

ಬೆಲ್ಜಿಯಂನ ಆಂಟ್ವರ್ಪಿನಲ್ಲಿ ತಯಾರಾದ ಟಿವಿ ಧಾರಾವಾಹಿ ನೆದರ್‌ಲ್ಯಾಂಡ್ಸ್‌ನಲ್ಲಿ ಪ್ರಸಾರವಾದರೆ ಪರದೆಯ ಕೆಳಗೆ ಹೆಚ್ಚಾಗಿ ಅಡಿಬರಹ ಓಡುತ್ತಿರುತ್ತದೆ. ಪಾತ್ರಗಳು ಆಡುವುದು ಡಚ್. ಕೆಳಗೆ ಓಡುವ ಅಕ್ಷರವೂ ಡಚ್. ಕೂತು ನೋಡುವವರ ಮನೆಮಾತೂ ಡಚ್ಚೇ. ನೆದರ್‌ಲ್ಯಾಂಡ್ಸ್‌ನ ಧಾರಾವಾಹಿ ಬೆಲ್ಜಿಯಂನ ಉತ್ತರ ಭಾಗವಾದ ಫ್ಲಾಂಡರ್ಸ್‌ಗೆ ಬಂದಾಗಲೂ ಇದೇ ಕಥೆ. ಮಕ್ಕಳ ಅನಿಮೇಷನ್ ಸಿನಿಮಾಗಳಲ್ಲಿ ಎಷ್ಟೋ ಈಗ ಎರಡೆರಡು ಡಬ್ಬಿಂಗ್‌ಗಳಲ್ಲಿ ಬರುತ್ತವೆ: ಒಂದು ಅವರ ಡಚ್, ಇನ್ನೊಂದು ಇವರ ಡಚ್.

ಬಹು ದೊಡ್ಡ ನಾಡಿನಲ್ಲಿ ಹರಡಿಕೊಂಡ ಭಾಷೆ ಇದಲ್ಲ. ಆಡುವವರು ಸುಮಾರು ಎರಡೂವರೆ ಕೋಟಿ ಜನ. ಉತ್ತರದ ಗ್ರೋನಿಂಗನ್‌ನಲ್ಲಿ ಬೆಳಿಗ್ಗೆ ರೈಲು ಹತ್ತಿದರೆ ಸಂಜೆಯೊಳಗೆ ಬೆಲ್ಜಿಯಂನ ಕಡಲೂರು ಓಸ್ಟೆಂಡ್ ಮುಟ್ಟಬಹುದು. ಎರಡೂ ದೇಶಗಳಿಗೆ ಕಾಗುಣಿತ ಒಂದೇ. ಭಾಷೆಯ ವಿಷಯವನ್ನು ಕೂಡಿ ನೋಡಿಕೊಳ್ಳಲು ಇಬ್ಬರೂ ಸೇರಿ 1980ರಲ್ಲಿ ‘ತಾಲ್‌ಯೂನಿ’ ಎಂಬ ಭಾಷಾ ಒಕ್ಕೂಟವನ್ನೂ ಕಟ್ಟಿಕೊಂಡಿದ್ದಾರೆ. ಬರಹದಲ್ಲಿ ಒಂದಾಗಿರುವ ಮಾತು ಬಾಯಿಗೆ ಬಂದ ಕೂಡಲೇ ಹತ್ತಾಗುತ್ತದೆ. ಬದುಕಿರುವ ಯಾವ ಭಾಷೆಯೂ ಹಾಗೆಯೇ, ಅದರಲ್ಲಿ ಅಚ್ಚರಿಯಿಲ್ಲ.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಒಂದು ಉಚ್ಚಾರ ಒಬ್ಬರ ಬಾಯಲ್ಲಿ ಬಂದರೆ ಸೊಗಸು, ಇನ್ನೊಬ್ಬರ ಬಾಯಲ್ಲಿ ಬಂದರೆ ಒರಟು, ಮೂರನೆಯವರ ಬಾಯಲ್ಲಿ ಬಂದರೆ ‘ಇವರಿಗೆ ಭಾಷೆಯೇ ಬಾರದು’ ಎಂದಾಗುವುದು ಹೇಗೆ? ಡಚ್ ಭಾಷೆಯ ಇಂದಿನ ಜಗಳಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ತೀರ್ಪು ಬೀಳುತ್ತಿರುವುದು ಮಾತಿನ ಮೇಲಲ್ಲ, ಆಡುವವರ ಮೇಲೆ ಎನ್ನುವುದು ಕಾಣುತ್ತದೆ.

ಮೊದಲು ಎರಡು ದೇಶಗಳ ನಡುವಿನ ಅಂತರ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟಿನವರಿಗೆ ‘ಲೋಪನ್’ ಎಂದರೆ ನಡೆಯುವುದು, ಫ್ಲಾಂಡರ್ಸ್‌ನವರಿಗೆ ಓಡುವುದು. ‘ಮಿಡ್ಡಾಖ್’ ಉತ್ತರದಲ್ಲಿ ಮಧ್ಯಾಹ್ನದಿಂದ ಸಂಜೆಯವರೆಗಿನ ಹೊತ್ತು, ದಕ್ಷಿಣದಲ್ಲಿ ಊಟದ ವೇಳೆಯ ನಡುಹಗಲು. ‘ತಾಸ್’ ಅಲ್ಲಿ ಕೈಚೀಲ, ಇಲ್ಲಿ ಕಾಫಿ ಕುಡಿಯುವ ಕಪ್. ‘ಸ್ಖೋನ್’ ಅಲ್ಲಿ ಶುಭ್ರ, ಇಲ್ಲಿ ಚೆಂದ. ಇಂಥವನ್ನು ಒಂದು ವಾರ ಓಡಾಡಿದವರು ಕಲಿತುಬಿಡುತ್ತಾರೆ.

ಸರ್ವನಾಮದ ವಿಷಯ ಅಷ್ಟು ಸುಲಭವಲ್ಲ. ನಮ್ಮ ನೀನು, ನೀವು ಇದ್ದ ಹಾಗೆ ನೆದರ್‌ಲ್ಯಾಂಡ್ಸ್‌ನಲ್ಲಿ ‘ಯೆಯ್’ ಮತ್ತು ‘ಯೂ’ ಇವೆ. ಯೆಯ್ ಎಂದರೆ ನೀನು, ಯೂ ಎಂದರೆ ನೀವು. ಫ್ಲಾಂಡರ್ಸ್‌ನ ಅಡುಗೆಮನೆಯಲ್ಲಿ ಮಾತ್ರ ಅಮ್ಮ ಮಗುವಿಗೆ, ಗಂಡ ಹೆಂಡತಿಗೆ ಅನ್ನುವುದು ‘ಖೆಯ್’ ಅಥವಾ ‘ಖೆ’. ಇದೇ ‘ಖೆಯ್’ ನೆದರ್‌ಲ್ಯಾಂಡ್ಸ್‌ನ ಬಹುಪಾಲು ಜನರಿಗೆ ಹಳೆಯ ಬೈಬಲಿನಲ್ಲಿ ದೇವರನ್ನು ಕರೆಯುವ ಪದವಾಗಿ ಪರಿಚಯ. ಒಂದು ಕಡೆ ಒಲೆಯ ಮುಂದಿನ ಮಾತು, ಇನ್ನೊಂದು ಕಡೆ ದೇವಪೀಠದ ಮುಂದಿನ ಮಾತು. ‘ನಿನ್ನನ್ನು’ ಎನ್ನಬೇಕಾದಾಗ ಈ ಖೆಯ್ ‘ಯೂ’ ಆಗುತ್ತದೆ. ಹಾಗಾಗಿ ಫ್ಲಾಂಡರ್ಸ್‌ನ ಹುಡುಗನೊಬ್ಬ ಹುಡುಗಿಗೆ ‘ಇಕ್ ಝೀ ಯೂ ಖ್ರಾಖ್’ ಎಂದರೆ ಅದು ಪ್ರೀತಿಯ ನಿವೇದನೆ. ಅಕ್ಷರಶಃ ನೋಡಿದರೆ ‘ನಿನ್ನನ್ನು ನೋಡುವುದೇ ನನಗೆ ಇಷ್ಟ’ ಎಂದು. ಎಷ್ಟು ಮೆಲುವಾದ ಮಾತು ಇದು! ಆಮ್ಸ್ಟರ್‌ಡ್ಯಾಮ್‌ನ ಕಿವಿಗೆ ಮಾತ್ರ ಅಲ್ಲಿ ಗೌರವದ ‘ನೀವು’ ಕೇಳಿಸುತ್ತದೆ. ಅವರು ಪ್ರೀತಿ ಹೇಳುವುದು ‘ಇಕ್ ಹೌ ವಾನ್ ಯೆ’ ಎಂದು. ಫ್ಲೆಮಿಶ್ ಮಕ್ಕಳು, ಎಂದರೆ ಫ್ಲಾಂಡರ್ಸ್‌ನ ಮಕ್ಕಳು, ಶಾಲೆಯಲ್ಲಿ ಕಲಿಯುವುದು ಈ ಉತ್ತರದ ‘ಯೆ’ಯನ್ನೇ. ಮನೆಯಲ್ಲಿ ಹೆಚ್ಚಿನವರು ಆಡದ ‘ನೀನು’ ಅದು.

ಹಾಗಾದರೆ ಉತ್ತರದ್ದೇ ಸರಿ ಎಂದು ಯಾವಾಗ ತೀರ್ಮಾನವಾಯಿತು? ಹದಿನಾರನೆಯ ಶತಮಾನದಲ್ಲಿ ಈ ಭಾಷೆಯ ದೊಡ್ಡ ಪೇಟೆ, ದೊಡ್ಡ ಅಚ್ಚುಕೂಟ, ಹಣ, ವಿದ್ಯೆ ಎಲ್ಲ ಇದ್ದದ್ದು ದಕ್ಷಿಣದ ಆಂಟ್ವರ್ಪಿನಲ್ಲಿ. 1585ರಲ್ಲಿ ಆ ಊರು ಸ್ಪೇನಿನ ಸೇನೆಯ ವಶವಾಯಿತು. ವ್ಯಾಪಾರಿಗಳು, ನೇಕಾರರು, ಮುದ್ರಕರು, ಮೇಷ್ಟ್ರುಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಊರು ಬಿಟ್ಟು ಆಮ್ಸ್ಟರ್‌ಡ್ಯಾಮ್, ಲೈಡನ್, ಹಾರ್ಲೆಮ್‌ಗಳ ಕಡೆಗೆ ಹೊರಟರು. ಅವರ ಜೊತೆ ಅವರ ಮಾತೂ ಹೋಯಿತು, ಅದೂ ಅಂದಿನ ಪ್ರತಿಷ್ಠೆಯ ಮಾತು. ಹಾಲಂಡಿನ ಪಟ್ಟಣಗಳಲ್ಲಿ ಎರಡೂ ಬೆರೆತವು.

ಆಮೇಲೆ ಬಂದದ್ದು 1637ರ ಸರ್ಕಾರಿ ಬೈಬಲ್ ಅನುವಾದ. ಹಳೆ ಒಡಂಬಡಿಕೆಯನ್ನು ಅನುವಾದಿಸಿದ ಮೂವರಲ್ಲಿ ಬೋಗರ್ಮಾನ್ ಫ್ರೀಸ್‌ಲ್ಯಾಂಡಿನವರು, ಬುಸೆರಸ್ ಝೀಲ್ಯಾಂಡಿನವರು, ಬೌದಾರ್ಟಿಯಸ್ ಫ್ಲಾಂಡರ್ಸ್‌ನ ಡೆಯ್ನ್ಸೆಯಲ್ಲಿ ಹುಟ್ಟಿದವರು. ಎಲ್ಲ ಪ್ರಾಂತ್ಯದವರಿಗೂ ಅರ್ಥವಾಗುವ ಮಾತನ್ನು ಅವರು ಪದಪದಕ್ಕೂ ಚರ್ಚಿಸಿ ಕಟ್ಟಬೇಕಾಯಿತು. ಅಂದರೆ ಇಂದು ‘ಶುದ್ಧ ಡಚ್’ ಎನಿಸಿಕೊಳ್ಳುವುದೇ ಮೂರ್ನಾಲ್ಕು ಕಡೆಯ ಬಾಯಿಗಳು ಕೂಡಿ ಹೊಲಿದ ಕೌದಿ. ಇದನ್ನು ನೆನಪಿಟ್ಟುಕೊಂಡರೆ ಮುಂದಿನ ಎಷ್ಟೋ ಜಗಳಗಳ ಬುಡ ಸಡಿಲವಾಗುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಕೌದಿಗೆ ಒಂದು ಹೆಸರು ಗಟ್ಟಿಯಾಗಿ ಅಂಟಿತು: ‘ಸಾರ್ವತ್ರಿಕ ಸುಸಂಸ್ಕೃತ ಡಚ್’. ಅದರ ಮೊದಲಕ್ಷರಗಳಾದ ‘ಎ ಬಿ ಎನ್’ ಈಗಲೂ ಜನರ ಬಾಯಲ್ಲಿದೆ. ಆ ನಡುವಿನ ಪದವನ್ನು ಗಮನಿಸಿ. ಒಂದು ಬಗೆಯ ಮಾತು ಸುಸಂಸ್ಕೃತ ಎಂದ ಮೇಲೆ ಉಳಿದವರ ಮಾತು ಏನಾಯಿತು? 1970ರ ದಶಕದ ನಂತರ ಅಧಿಕೃತ ಬರಹಗಳಿಂದ ಆ ಪದವನ್ನು ಕೈಬಿಟ್ಟು ‘ಪ್ರಮಾಣ ಡಚ್’ ಎನ್ನತೊಡಗಿದರು. ಪದ ಹೋಯಿತು, ಅದು ಕಲಿಸಿದ ನಾಚಿಕೆ ಅಷ್ಟು ಬೇಗ ಹೋಗಲಿಲ್ಲ.

ಆ ನಾಚಿಕೆ ಎಲ್ಲಕ್ಕಿಂತ ಆಳವಾಗಿ ಇಳಿದದ್ದು ಫ್ಲಾಂಡರ್ಸ್‌ನಲ್ಲಿ. ಅಲ್ಲಿನ ಕಥೆಯನ್ನು ಸ್ವಲ್ಪ ನಿಂತು ಹೇಳಬೇಕು. 1830ರಲ್ಲಿ ಬೆಲ್ಜಿಯಂ ಹುಟ್ಟಿದಾಗ ಸರ್ಕಾರ, ನ್ಯಾಯಾಲಯ, ಸೇನೆ, ಉನ್ನತ ಶಿಕ್ಷಣ ಎಲ್ಲವೂ ಫ್ರೆಂಚಿನಲ್ಲಿದ್ದವು. ದೇಶದ ಹೆಚ್ಚಿನ ಜನ ಡಚ್ಚಿನ ಒಂದಲ್ಲ ಒಂದು ಒಳನುಡಿ ಆಡುವವರಾಗಿದ್ದರೂ ಅವರ ಮಾತಿಗೆ ಮಾರುಕಟ್ಟೆ, ಹೊಲ, ಮನೆ ಇಷ್ಟೇ ಜಾಗ. ಕಾನೂನುಗಳು ಡಚ್ಚಿನಲ್ಲೂ ಫ್ರೆಂಚಿನಷ್ಟೇ ಅಧಿಕೃತ ಎಂದು ಒಪ್ಪಿದ್ದು 1898ರಲ್ಲಿ. ಗೆಂಟ್ ವಿಶ್ವವಿದ್ಯಾಲಯ ಪೂರ್ತಿ ಡಚ್ಚಿಗೆ ತಿರುಗಿದ್ದು 1930ರಲ್ಲಿ. ದೇಶದೊಳಗಿನ ಭಾಷಾಗಡಿಯನ್ನು ಕಾನೂನಿನಲ್ಲಿ ಗೆರೆ ಎಳೆದು ನಿಲ್ಲಿಸಿದ್ದು 1962-63ರಲ್ಲಿ. 1968ರಲ್ಲಿ ಲ್ಯೂವೆನ್‌ನ ಹಳೆಯ ಕ್ಯಾಥೊಲಿಕ್ ವಿಶ್ವವಿದ್ಯಾಲಯ ಇದೇ ಜಗಳದಲ್ಲಿ ಎರಡಾಗಿ ಒಡೆಯುವ ಸ್ಥಿತಿಗೆ ಬಂತು, ಸರ್ಕಾರವೂ ಬಿತ್ತು. ತಲೆತಲಾಂತರದ ಹೋರಾಟ ಅದು.

ಹೋರಾಟ ಗೆಲ್ಲುತ್ತಿದ್ದ ಹೊತ್ತಿಗೇ ನಾಯಕರಲ್ಲಿ ಒಂದು ಭಯ ಬೆಳೆದಿತ್ತು. ಊರಿಗೊಂದು ಬಗೆಯಲ್ಲಿ ಆಡುವ ಈ ಮಾತನ್ನು ಇಟ್ಟುಕೊಂಡು ಫ್ರೆಂಚಿನ ಎದುರು ನಿಲ್ಲಲು ಸಾಧ್ಯವೇ ಎಂಬ ಭಯ. ಗಡಿಯಾಚೆ ನೆದರ್‌ಲ್ಯಾಂಡ್ಸ್‌ನಲ್ಲಿ ಸಿದ್ಧವಾಗಿದ್ದ ಪ್ರಮಾಣ ಡಚ್ಚನ್ನೇ ತರೋಣ ಎಂದು ತೀರ್ಮಾನವಾಯಿತು. ಶಾಲೆಗಳಲ್ಲಿ ಎ ಬಿ ಎನ್ ಕೂಟಗಳು ಹುಟ್ಟಿದವು. ‘ಹೀಗೆ ಅನ್ನಬೇಡಿ, ಹಾಗೆ ಅನ್ನಿ’ ಎಂಬ ಅಂಕಣಗಳು ಬಂದವು. 1962ರಿಂದ ಹತ್ತು ವರ್ಷ ಸರ್ಕಾರಿ ಟಿವಿ ‘ಇಲ್ಲಿ ಡಚ್ ಮಾತಾಡುತ್ತೇವೆ’ ಎಂಬರ್ಥದ ಪುಟ್ಟ ಕಾರ್ಯಕ್ರಮದಲ್ಲಿ ಜನರ ಮಾತನ್ನು ತಿದ್ದಿತು. ಅಜ್ಜಿಯ ಪದ, ಊರಿನ ಪದ, ಫ್ರೆಂಚಿನಿಂದ ಬಂದು ನೂರಾರು ವರ್ಷ ಪಳಗಿದ ಪದ, ಎಲ್ಲಕ್ಕೂ ತಪ್ಪಿನ ಗುರುತು ಬಿತ್ತು.

ಇದರ ನೋವನ್ನು ಊಹಿಸಿಕೊಳ್ಳಿ. ಫ್ರೆಂಚ್ ಬಲ್ಲ ಯಜಮಾನರಿಂದ ‘ನಿನ್ನದು ಹಳ್ಳಿಗಮಾರರ ಮಾತು’ ಎನಿಸಿಕೊಂಡು ಬೆಳೆದ ಜನ, ಕೊನೆಗೂ ತಮ್ಮ ಭಾಷೆಗೆ ಹಕ್ಕು ಗಳಿಸಿದ ದಿನವೇ, ತಮ್ಮವರಿಂದಲೇ ‘ನೀನು ಆಡುತ್ತಿರುವುದು ಡಚ್ ಅಲ್ಲ’ ಎಂಬ ಮಾತು ಕೇಳಬೇಕಾಯಿತು. ಉದ್ದೇಶ ಒಳ್ಳೆಯದಿತ್ತು ಎಂದು ನಾನು ಒಪ್ಪುತ್ತೇನೆ. ಹಳ್ಳಿಯ ಮಗುವಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದದ್ದು ಆ ಪ್ರಮಾಣ ಭಾಷೆಯೇ. ಆದರೂ ಸೇತುವೆ ಕಟ್ಟಲು ಹೊರಟವರು ಈಚೆ ದಡವನ್ನೇ ಕೊಳಕು ಎನ್ನಬೇಕಾಗಿರಲಿಲ್ಲ.

ಮುಂದೆ ಆದದ್ದು ಯಾರೂ ಯೋಜಿಸಿದ್ದಲ್ಲ. ಯುದ್ಧಾನಂತರ ಫ್ಲಾಂಡರ್ಸ್‌ನಲ್ಲಿ ಹೊಲಗಳನ್ನು ಸೈಟುಗಳಾಗಿ ಕತ್ತರಿಸಿ ಬಡಾವಣೆಗಳನ್ನು ಎಬ್ಬಿಸಿದರು. ಬೇರೆ ಬೇರೆ ಊರಿನವರು ಬಂದು ಅಕ್ಕಪಕ್ಕದಲ್ಲಿ ಮನೆ ಕಟ್ಟಿದರು. ಮಕ್ಕಳಿಗೆ ಊರಮಾತು ಬೇಡ, ಮುಂದೆ ಕಷ್ಟವಾಗುತ್ತದೆ ಎಂದು ತಮಗೆ ತಿಳಿದಷ್ಟು ‘ಒಳ್ಳೆಯ ಡಚ್’ ಆಡತೊಡಗಿದರು. ಪೂರ್ತಿ ಊರಮಾತೂ ಅಲ್ಲದ, ಪೂರ್ತಿ ವಾರ್ತಾವಾಚಕರ ಡಚ್ಚೂ ಅಲ್ಲದ ಒಂದು ನಡುಮಾತು ಅಲ್ಲಿ ಬೆಳೆಯಿತು. ಭಾಷಾಶಾಸ್ತ್ರಜ್ಞರು ಅದನ್ನು ಕರೆಯುವುದು ‘ತುಸ್ಸನ್‌ತಾಲ್’, ನಡುವಿನ ಭಾಷೆ, ಎಂದು. 1989ರಲ್ಲಿ ಲೇಖಕ ಖೇರ್ಟ್ ವಾನ್ ಇಸ್ಟೆಂಡಾಲ್ ಅದಕ್ಕೆ ಕೋಪದಿಂದ ಇಟ್ಟ ಹೆಸರನ್ನು ನಮ್ಮ ಊರುಗಳ ಪದದಲ್ಲಿ ಹೇಳುವುದಾದರೆ ‘ಲೇಔಟ್ ಫ್ಲೆಮಿಶ್’.

‘ಇದನ್ನು ನೀನು ಮಾಡಲಾರೆಯಾ?’ ಎನ್ನಲು ಪುಸ್ತಕದ ಡಚ್ಚಿನಲ್ಲಿ ‘ಕುನ್ ಯೆ ದಾತ್ ನೀತ್ ದೂನ್?’ ಎನ್ನಬೇಕು. ಲೇಔಟ್ ಫ್ಲೆಮಿಶ್‌ನಲ್ಲಿ ಅದು ‘ಕುಂದೆ ಖೆಯ್ ದಾ ನೀ ದೂನ್?’ ಆಗುತ್ತದೆ. ಪದದ ಕೊನೆಯ ತಕಾರ ಉದುರಿತು, ಅಡುಗೆಮನೆಯ ‘ಖೆಯ್’ ಮರಳಿ ಬಂತು. ಇದನ್ನು ಸೋಮಾರಿತನ ಎಂದವರು ಬಹಳ. ಈಗ ಫ್ಲೆಮಿಶ್ ಧಾರಾವಾಹಿಗಳಲ್ಲಿ, ಪಾಡ್‌ಕಾಸ್ಟ್‌ಗಳಲ್ಲಿ, ವಾಟ್ಸಾಪ್ ಮೆಸೇಜುಗಳಲ್ಲಿ ಸಹಜವಾಗಿ ಹರಿಯುವುದು ಇದೇ. ಸರ್ಕಾರಿ ಪ್ರಸಾರ ಸಂಸ್ಥೆ 1998ರಲ್ಲಿ ತನ್ನದೊಂದು ಭಾಷಾ ಸನದು ಮಾಡಿಕೊಂಡಿತು. ವಾರ್ತೆಯವರು ಅದನ್ನು ಪಾಲಿಸುತ್ತಾರೆ, ಮನೆಗೆ ಹೋದ ಮೇಲೆ ಅವರಲ್ಲಿ ಎಷ್ಟೋ ಜನ ‘ಖೆಯ್’ಗೆ ಮರಳುತ್ತಾರೆ. 2007ರಲ್ಲಿ ಆಗಿನ ಶಿಕ್ಷಣ ಸಚಿವ ಫ್ರಾಂಕ್ ವಾಂಡೆನ್‌ಬ್ರೂಕೆ ಶಾಲೆಯಲ್ಲಿ ಪ್ರಮಾಣ ಡಚ್ ಬೇಕೇಬೇಕು ಎಂದು ನೀತಿಪತ್ರ ಹೊರಡಿಸಿದಾಗ ದೊಡ್ಡ ಚರ್ಚೆ ಎದ್ದಿತು. ಬಡ ಮಗುವಿಗೆ ಅವಕಾಶ ಸಿಗಬೇಕು ಎಂಬುದು ಅವರ ವಾದ. ಬಡ ಮಗುವಿನ ಮಾತನ್ನು ಕೊರತೆ ಎಂದು ಎಣಿಸಿದರೆ ಆ ಮಗು ಬಾಯಿ ತೆರೆಯುವುದನ್ನೇ ಬಿಡುತ್ತದೆ ಎಂದು ಭಾಷಾಶಾಸ್ತ್ರಜ್ಞರ ಉತ್ತರ. ನನ್ನ ಒಲವು ಎರಡನೆಯವರ ಕಡೆಗೆ.

ಈ ಲೇಔಟ್ ಫ್ಲೆಮಿಶ್‌ಗೂ ಒಂದು ಕೇಂದ್ರವಿದೆ. ಅದರ ಮೈಕಟ್ಟು ಆಂಟ್ವರ್ಪ್ ಮತ್ತು ಬ್ರಬಾಂಟ್ ಕಡೆಯದು. ಜನಸಂಖ್ಯೆಯೂ ಮಾಧ್ಯಮವೂ ಅಲ್ಲೇ ಇರುವುದರಿಂದ ಹಾಗಾಯಿತು. ಪಶ್ಚಿಮದ ಕಡಲತಡಿಯವರು ಅದಕ್ಕೆ ಸುಲಭವಾಗಿ ಬಗ್ಗಿಲ್ಲ. ಪಶ್ಚಿಮ ಫ್ಲೆಮಿಶ್‌ನಲ್ಲಿ ಪದದ ಮೊದಲ ‘ಹ’ ಬಿದ್ದುಹೋಗುತ್ತದೆ, ‘ಖ’ ಇದ್ದಲ್ಲಿ ‘ಹ’ ಬರುತ್ತದೆ. ‘ಹೌದು’ ಎನ್ನುವ ಪದಕ್ಕೇ ಅಲ್ಲಿ ಪುರುಷ ಪ್ರತ್ಯಯವಿದೆ: ನನ್ನ ಬಗ್ಗೆ ಕೇಳಿದರೆ ‘ಯೋಆಕ್’, ಅದರ ಬಗ್ಗೆ ಕೇಳಿದರೆ ‘ಯೋಆತ್’. ಇಷ್ಟು ಸೂಕ್ಷ್ಮ ವ್ಯಾಕರಣವಿರುವ ಮಾತನ್ನು ಒರಟು ಎನ್ನುವುದು ಹೇಗೋ ನನಗೆ ಅರ್ಥವಾಗಿಲ್ಲ. ಫ್ಲಾಂಡರ್ಸ್‌ನ ಒಳಗೇ ಟಿವಿಯಲ್ಲಿ ಅವರ ಮಾತಿಗೂ ಅಡಿಬರಹ ಬೀಳುತ್ತದೆ.

ನೆದರ್‌ಲ್ಯಾಂಡ್ಸ್‌ನಲ್ಲಿ ಗೆರೆ ಎಳೆದಿರುವುದು ಬೇರೆ ಕಡೆ. ಪಶ್ಚಿಮದ ಪಟ್ಟಣಗಳಲ್ಲಿ ಹಳೆಯ ಊರಮಾತುಗಳು ಬಹುತೇಕ ಕರಗಿ, ಉಳಿದದ್ದು ವರ್ಗದ ಗುರುತು. ಹೇಗ್ ನಗರ ಇದಕ್ಕೆ ತೀರಾ ನಿಚ್ಚಳ ಉದಾಹರಣೆ. ಊರಿನ ಒಂದು ಭಾಗ ಕಡಲ ದಿಬ್ಬಗಳ ಒಣ ಮರಳಿನ ಮೇಲಿದೆ, ಇನ್ನೊಂದು ಜೌಗು ಮಣ್ಣಿನ ಮೇಲೆ. ಅನುಕೂಲಸ್ಥರು ಮರಳಿನ ಮೇಲೆ ಮನೆ ಕಟ್ಟಿದರು, ದುಡಿಯುವವರಿಗೆ ಜೌಗು ಸಿಕ್ಕಿತು. ಅವರನ್ನು ‘ಹಾಖನಾರ್’ ಎಂದೂ ಇವರನ್ನು ‘ಹಾಖನೇಸ್’ ಎಂದೂ ಕರೆಯುವ ರೂಢಿ ಇಂದಿಗೂ ಇದೆ. ಊರು ಒಂದೇ, ಕಾಲ ಕೆಳಗಿನ ಮಣ್ಣಿಗೆ ತಕ್ಕಂತೆ ಸ್ವರ ಬದಲಾಗುತ್ತದೆ.

ಹಿಲ್ವರ್ಸಮ್ ಸುತ್ತಲಿನ ಖೋಯ್ ಪ್ರದೇಶ ಶ್ರೀಮಂತರ ಊರುಗಳ ಸಾಲು. ದೇಶದ ರೇಡಿಯೊ, ಟಿವಿ ಕೇಂದ್ರಗಳೂ ಅಲ್ಲೇ. ಪದದ ಕೊನೆಯ ರಕಾರವನ್ನು ಅಮೆರಿಕನ್ನರ ಹಾಗೆ ನಾಲಿಗೆ ಹಿಂದಕ್ಕೆ ಮಡಚಿ ಆಡುವ ರೂಢಿ ಮಕ್ಕಳ ಟಿವಿ ಹಾಡುಗಳ ಜೊತೆ ದೇಶವಿಡೀ ಹಬ್ಬಿತು. ಅದಕ್ಕೆ ‘ಖೋಯ್ ರಕಾರ’ ಎಂದೇ ಹೆಸರು. ಬೈದವರಿದ್ದರು, ಆದರೂ ಅದನ್ನು ಆಡುವವರಿಗೆ ಕೆಲಸ ತಪ್ಪಿದ್ದು ಕಾಣೆ.

ಇನ್ನೂ ಕಣ್ಣು ತೆರೆಸುವ ಸಂಗತಿ ಆಮ್ಸ್ಟರ್‌ಡ್ಯಾಮ್‌ನ ಭಾಷಾಶಾಸ್ತ್ರಜ್ಞ ಯಾನ್ ಸ್ಟ್ರೋಪ್ 1998ರ ಹೊತ್ತಿಗೆ ಗುರುತಿಸಿದ್ದು. ‘ಹೊತ್ತು’ ಎನ್ನುವುದಕ್ಕೆ ಇರುವ ‘ತೆಯ್ತ್’ ಪದವನ್ನು ಬಾಯಗಲಿಸಿ ‘ತಾಯ್ತ್’ ಎನ್ನುವುದು ಬಹಳ ಕಾಲದಿಂದ ಕೆಳವರ್ಗದ, ‘ಒರಟು’ ಉಚ್ಚಾರ ಎನಿಸಿಕೊಂಡಿತ್ತು. ಸ್ಟ್ರೋಪ್ ಅದನ್ನು ಕೇಳಿದ್ದು ಒಳ್ಳೆಯ ಓದು, ಒಳ್ಳೆಯ ಕೆಲಸ ಇರುವ ಮಹಿಳೆಯರ ಬಾಯಲ್ಲಿ. ರಾಜಕಾರಣ, ಕಲೆ, ವಿಶ್ವವಿದ್ಯಾಲಯಗಳಲ್ಲಿ ಹೆಸರು ಮಾಡಿದವರು ಅವರು. ಹಳೆಯ ಗಂಡಸರ ಒಪ್ಪಿಗೆ ಇನ್ನು ಬೇಕಿಲ್ಲ ಎನ್ನುವ ಆತ್ಮವಿಶ್ವಾಸದ ಫಲ ಇದು ಎಂದು ಅವರು ಕಂಡರು. ಕಡಲನ್ನು ಹಿಂದಕ್ಕೆ ತಳ್ಳಿ ಪಡೆದ ನೆಲಕ್ಕೆ ಪೋಲ್ಡರ್ ಎನ್ನುತ್ತಾರಲ್ಲ, ಅದನ್ನು ಸೇರಿಸಿ ‘ಪೋಲ್ಡರ್ ಡಚ್’ ಎಂದು ಹೆಸರಿಟ್ಟರು. ಅದೇ ಸ್ವರ ಬಡಬೀದಿಯ ಬಾಯಲ್ಲಿದ್ದಾಗ ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ, ತಿದ್ದಿದ್ದರು ಅಷ್ಟೇ.

ಇದರ ಪಕ್ಕದಲ್ಲಿ ‘ಹುನ್ ಹೆಬ್ಬನ್’ ಇಟ್ಟು ನೋಡಿ. ‘ಅವರ ಬಳಿ ಇದೆ’ ಎನ್ನಲು ವ್ಯಾಕರಣದ ಪ್ರಕಾರ ‘ಝೆಯ್ ಹೆಬ್ಬನ್’ ಎನ್ನಬೇಕು. ‘ಹುನ್’ ಎಂದರೆ ‘ಅವರಿಗೆ’ ಅಥವಾ ‘ಅವರ’. ಅದನ್ನು ಕರ್ತೃವಿನ ಜಾಗದಲ್ಲಿ ಕೂರಿಸುವುದು ಓದಿಲ್ಲದವರ ಲಕ್ಷಣ ಎಂದು ಇಂದಿಗೂ ಹಲವರಿಗೆ ಮೈ ಉರಿಯುತ್ತದೆ. ಕೆಲಸದ ಅರ್ಜಿಯಲ್ಲಿ ಇದೊಂದು ಕಂಡರೆ ಸಾಕು. ಆದರೂ ಜನ ಬಿಟ್ಟಿಲ್ಲ, ಬಿಡದಿರಲು ಕಾರಣವೂ ಇದೆ. ‘ಝೆಯ್’ ಎಂದರೆ ಅವಳು, ಅವರು, ಅವು ಎಲ್ಲವೂ ಆಗುತ್ತದೆ. ‘ಹುನ್’ ಎಂದರೆ ಮನುಷ್ಯರು ಮಾತ್ರ, ವಸ್ತುಗಳಿಗೆ ಅದು ಸಲ್ಲದು. ಕನ್ನಡದಲ್ಲಿ ‘ಅವರು’ ಬೇರೆ, ‘ಅವು’ ಬೇರೆ ಇರುವುದರಿಂದ ಈ ಅನುಕೂಲ ನಮಗೆ ತಕ್ಷಣ ತಿಳಿಯುತ್ತದೆ. ಇನ್ನು ‘ಅವರನ್ನು’ ಎನ್ನುವ ‘ಹೆನ್’ ಮತ್ತು ಈ ‘ಹುನ್’ ನಡುವೆ ಪಂಡಿತರು ಕಾಯುವ ವ್ಯತ್ಯಾಸ ಹದಿನೇಳನೆಯ ಶತಮಾನದ ವ್ಯಾಕರಣಕಾರರು ಲ್ಯಾಟಿನ್ ವಿಭಕ್ತಿಗಳ ಮಾದರಿ ನೋಡಿ ಮಾಡಿಕೊಂಡದ್ದು, ಜನರ ಬಾಯಿಂದ ಬಂದದ್ದಲ್ಲ. ಹೀಗೆ ಪಂಡಿತರು ಕಟ್ಟಿದ್ದು ನಿಯಮವಾಯಿತು, ಜನ ಕಟ್ಟಿದ್ದು ದೋಷವಾಯಿತು.

ರೈನ್, ಮಾಸ್ ಹೊಳೆಗಳನ್ನು ದಾಟಿ ದಕ್ಷಿಣಕ್ಕೆ ಬಂದರೆ ಗಂಟಲನ್ನು ಕೆರೆಯುವ ‘ಖ’ ಮೃದುವಾಗುತ್ತದೆ. ನೆದರ್‌ಲ್ಯಾಂಡ್ಸ್ ಕಡೆಯ ಬ್ರಬಾಂಟ್ ಪ್ರಾಂತ್ಯದ ಐಂಡ್‌ಹೋವನ್‌ಗೆ ಚಿಪ್ ಯಂತ್ರಗಳ ಕಂಪನಿಗಳ ಕೆಲಸಕ್ಕೆಂದು ಹೋಗಿ ನೆಲೆಸಿದ ಕನ್ನಡಿಗರಿದ್ದಾರೆ. ತರಗತಿಯಲ್ಲಿ ಕಲಿಸುವುದು ಉತ್ತರದ ಡಚ್. ಬೀಳ್ಕೊಡುವಾಗ ‘ದಾಖ್’ ಅಥವಾ ‘ದೂಯ್’ ಎನ್ನಿ ಎಂದು ಪುಸ್ತಕ ಹೇಳುತ್ತದೆ. ಸಂತೆಯಲ್ಲಿ ತರಕಾರಿ ಕೊಂಡು ತಿರುಗಿದರೆ ಹಿಂದಿನಿಂದ ಕೇಳಿಸುವುದು ‘ಹೌದೂ!’ ‘ಚೆನ್ನಾಗಿರಿ’ ಎಂದು ಹರಸಿ ಕಳಿಸುವ ಬ್ರಬಾಂಟಿನ ಪದ ಅದು. ಕನ್ನಡದ ಕಿವಿಗೆ ‘ಹೌದು’ ಎಂದೇ ಕೇಳಿಸುತ್ತದೆ. ಹೊರಗಿನಿಂದ ಬಂದ ಎಂಜಿನಿಯರ್ ಒಬ್ಬರು ಇದನ್ನು ಆಡಿದರೆ ಊರಿನವರ ಮುಖ ಅರಳುತ್ತದೆ. ಈ ಅರಳಿದ ಮುಖವನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳಿ.

ಇನ್ನೂ ಕೆಳಗೆ ಲಿಂಬರ್ಗ್. ಅಲ್ಲಿನ ಮಾತಿನಲ್ಲಿ ಡಚ್ಚಿಗಿಲ್ಲದ ಒಂದು ಗುಣ ಇದೆ: ದನಿಯ ಏರಿಳಿತದಿಂದಲೇ ಅರ್ಥ ಬದಲಾಗುತ್ತದೆ. ‘ಬೆಯ್ನ್’ ಎಂಬುದನ್ನು ಒಂದು ರಾಗದಲ್ಲಿ ಹೇಳಿದರೆ ಒಂದು ಕಾಲು, ಇನ್ನೊಂದರಲ್ಲಿ ಹೇಳಿದರೆ ಎರಡೂ ಕಾಲು. ಲಿಂಬರ್ಗಿನಲ್ಲಿ ಊರಮಾತು ಬಡವರ ಗುರುತಲ್ಲ. ವೈದ್ಯರೂ ಆಡುತ್ತಾರೆ, ಪ್ಲಂಬರೂ ಆಡುತ್ತಾರೆ, ಕಾರ್ನಿವಲ್ ಹಬ್ಬದ ಹಾಡುಗಳೆಲ್ಲ ಅದರಲ್ಲೇ. 1997ರಲ್ಲಿ ನೆದರ್‌ಲ್ಯಾಂಡ್ಸ್ ಯುರೋಪಿನ ಭಾಷಾ ಸನ್ನದಿನ ಅಡಿ ಲಿಂಬರ್ಗಿಶ್ ಅನ್ನು ಪ್ರಾದೇಶಿಕ ಭಾಷೆ ಎಂದು ಒಪ್ಪಿತು. ಉತ್ತರ ಮತ್ತು ಪೂರ್ವದ ಲೋ ಸ್ಯಾಕ್ಸನ್‌ಗೂ ಅದೇ ಮಾನ್ಯತೆ ಇದೆ. ಫ್ರಿಸಿಯನ್ ಅಂತೂ ಬೇರೆಯೇ ಭಾಷೆ, ತನ್ನ ಪ್ರಾಂತ್ಯದಲ್ಲಿ ಅದು ಅಧಿಕೃತವೂ ಹೌದು. ಅರ್ಜಿ ಹಾಕಿದ ಝೀಲ್ಯಾಂಡಿನವರಿಗೆ ಮಾತ್ರ ಮಾನ್ಯತೆ ಸಿಗಲಿಲ್ಲ.

ಲಿಂಬರ್ಗಿನ ಪಕ್ಕದಲ್ಲಿ ಮಾಸ್ ಹೊಳೆ ಹರಿಯುತ್ತದೆ. ಹೊಳೆಯ ಆಚೆ ದಡ ಬೆಲ್ಜಿಯಂ, ಅಲ್ಲಿನ ಪ್ರಾಂತ್ಯದ ಹೆಸರೂ ಲಿಂಬರ್ಗೇ, ಊರಮಾತೂ ಅದೇ. ಬೆಲ್ಜಿಯಂ ಆ ಸನ್ನದಿಗೆ ಸಹಿ ಹಾಕಿಲ್ಲ. ಆದ್ದರಿಂದ ಈಚೆ ದಡದಲ್ಲಿ ‘ಪ್ರಾದೇಶಿಕ ಭಾಷೆ’ ಆಗಿರುವುದು ಆಚೆ ದಡದಲ್ಲಿ ಬರಿಯ ‘ಊರಮಾತು’. ನಡುವೆ ಇರುವುದು ಒಂದು ಹೊಳೆ, ಎರಡು ಸರ್ಕಾರ.

ಮಾನ್ಯತೆಗೆ ಬಹಳ ಹಿಂದೆ, 1970ರ ದಶಕದಲ್ಲಿ, ಲಿಂಬರ್ಗಿನ ಗಣಿಯೂರು ಕರ್ಕ್ರಾಡೆಯಲ್ಲಿ ನೈಮೇಗನ್ ವಿಶ್ವವಿದ್ಯಾಲಯದವರು ಶಾಲಾ ಮಕ್ಕಳನ್ನು ಅಧ್ಯಯನ ಮಾಡಿದರು. ಊರಮಾತು ಆಡುವ ಮಕ್ಕಳು ಭಾಷಾ ಪರೀಕ್ಷೆಗಳಲ್ಲಿ ಉಳಿದವರಿಗಿಂತ ಹಿಂದೆ ಇರಲಿಲ್ಲ. ಆದರೂ ಮೇಷ್ಟ್ರುಗಳು ಅವರನ್ನು ಕಡಿಮೆ ಎಂದು ಎಣಿಸುತ್ತಿದ್ದರು. ನೆದರ್‌ಲ್ಯಾಂಡ್ಸ್‌ನಲ್ಲಿ ಹನ್ನೆರಡನೆಯ ವಯಸ್ಸಿಗೆ ಶಾಲೆ ಕೊಡುವ ಸಲಹೆಯ ಮೇಲೆ ಮಗು ವೃತ್ತಿ ಶಿಕ್ಷಣದ ಕಡೆ ಹೋಗಬೇಕೋ ವಿಶ್ವವಿದ್ಯಾಲಯದ ಕಡೆಯೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುತ್ತದೆ. ಮೇಷ್ಟ್ರ ಕಿವಿಯಲ್ಲಿರುವ ಸಣ್ಣ ತಾತ್ಸಾರ ಆ ಮಗುವಿನ ಇಡೀ ಬದುಕಿನ ದಾರಿ ತಿರುಗಿಸಬಲ್ಲದು.

ಬೆಲ್ಜಿಯಂ ಕಡೆಯ ಲಿಂಬರ್ಗಿನಲ್ಲಿ ಗೆಂಕ್ ಎಂಬ ಊರಿದೆ. ವಿಂಟರ್‌ಸ್ಲಾಖ್, ವಾಟರ್‌ಸ್ಖೆಯ್, ಝ್ವಾರ್ಟ್‌ಬೆರ್ಖ್ ಎಂಬ ಮೂರು ಕಲ್ಲಿದ್ದಲು ಗಣಿಗಳು ಅಲ್ಲಿದ್ದವು. ಇಟಲಿ, ಟರ್ಕಿ, ಮೊರೊಕ್ಕೊ, ಗ್ರೀಸ್‌ಗಳಿಂದ ಜನ ಕರೆಸಿ ಗಣಿಗೆ ಇಳಿಸಿದರು. ಕಾರ್ಮಿಕರ ವಸತಿಗೆ ‘ಸಿಟೆ’ ಎನ್ನುತ್ತಿದ್ದರು. ಅಲ್ಲಿ ಒಟ್ಟಿಗೆ ಬೆಳೆದ ಮಕ್ಕಳ ಬಾಯಲ್ಲಿ ಒಂದು ಹೊಸ ಡಚ್ ಹುಟ್ಟಿತು. ಅದರಲ್ಲಿ ಇಟಾಲಿಯನ್ ಮತ್ತು ಟರ್ಕಿಶ್ ಪದಗಳಿವೆ, ಲಿಂಬರ್ಗಿನ ರಾಗವಿದೆ, ‘ಸ್ತೆಯ್ಲ್’ ಎನ್ನುವಲ್ಲಿ ‘ಶ್ತೆಯ್ಲ್’ ಎನ್ನುವ ಶಕಾರವಿದೆ. ಕೊನೆಯ ಗಣಿ 1988ರಲ್ಲಿ ಮುಚ್ಚಿತು, ಮಾತು ಮುಚ್ಚಲಿಲ್ಲ. ಇಂದು ಗೆಂಕ್‌ನ ಎಲ್ಲ ಮೂಲದ ಹುಡುಗರೂ ಅದನ್ನು ಊರಿನ ಗುರುತಾಗಿ ಆಡುತ್ತಾರೆ. ನನ್ನ ಲೆಕ್ಕದಲ್ಲಿ ಇದು ಡಚ್ಚಿನ ತೀರಾ ಎಳೆಯ ಊರಮಾತು, ಆಂಟ್ವರ್ಪಿನದರಷ್ಟೇ ಅಸಲಿ.

ಆಮ್ಸ್ಟರ್‌ಡ್ಯಾಮ್, ರಾಟರ್‌ಡ್ಯಾಮ್‌ಗಳ ಬೀದಿಭಾಷೆಯ ಬೇರು ಇನ್ನೂ ದೂರಕ್ಕೆ ಹೋಗುತ್ತದೆ. ಹಣಕ್ಕೆ ‘ದೂಕೂ’, ಮನೆಗೆ ‘ಒಸ್ಸೊ’, ಪೊಲೀಸರಿಗೆ ‘ಸ್ಕೋಟೂ’ ಎನ್ನುವ ಹುಡುಗರು ಬಳಸುತ್ತಿರುವುದು ದಕ್ಷಿಣ ಅಮೆರಿಕದ ಸುರಿನಾಮ್ ದೇಶದ ಸ್ರಾನನ್ ಭಾಷೆಯ ಪದಗಳನ್ನು. ಡಚ್ಚರ ವಸಾಹತಾಗಿದ್ದ ಸುರಿನಾಮ್ 1975ರಲ್ಲಿ ಸ್ವತಂತ್ರವಾಯಿತು. ಆ ವರ್ಷಗಳಲ್ಲಿ ಅಲ್ಲಿನ ಜನರಲ್ಲಿ ಸುಮಾರು ಮೂರನೇ ಒಂದು ಭಾಗ ನೆದರ್‌ಲ್ಯಾಂಡ್ಸ್‌ಗೆ ಬಂದು ನೆಲೆಸಿತು. ಬಂದವರಲ್ಲಿ ನಮ್ಮ ಉಪಖಂಡದ ಮೂಲದವರೂ ಬಹಳ. 1873ರಿಂದ 1916ರವರೆಗೆ 34,000ಕ್ಕೂ ಹೆಚ್ಚು ಕೂಲಿಯಾಳುಗಳನ್ನು, ಹೆಚ್ಚಾಗಿ ಇಂದಿನ ಉತ್ತರ ಪ್ರದೇಶ ಮತ್ತು ಬಿಹಾರ ಕಡೆಯವರನ್ನು, ಕರಾರಿನ ಮೇಲೆ ಸುರಿನಾಮಿನ ತೋಟಗಳಿಗೆ ಸಾಗಿಸಿದ್ದರು. ಅವರ ಮೊಮ್ಮಕ್ಕಳ ‘ಸರ್ನಾಮಿ’ ಇಂದು ಹೇಗ್ ನಗರದಲ್ಲಿ ಕೇಳಿಸುತ್ತದೆ.

ಸುರಿನಾಮಿನಲ್ಲಿ ಇಂದಿಗೂ ಡಚ್ಚೇ ಅಧಿಕೃತ ಭಾಷೆ. ಆದರೆ ಆ ಡಚ್ಚಿಗೆ ಪರಮಾರಿಬೊ ನಗರದ್ದೇ ಆದ ದನಿ, ಪದ, ವಾಕ್ಯದ ಓಟ ಇವೆ. ಬಹಳ ಕಾಲ ಅದನ್ನು ‘ಅರೆಬರೆ ಡಚ್’ ಎಂದು ಎಣಿಸಿದ್ದರು. ಈ ಶತಮಾನದ ಆರಂಭದಲ್ಲಿ ಸುರಿನಾಮ್ ತಾಲ್‌ಯೂನಿಯ ಸಹಸದಸ್ಯ ದೇಶವಾಯಿತು, 2005ರ ಅಧಿಕೃತ ಪದಪಟ್ಟಿಗೆ ಸುರಿನಾಮಿನ ಪದಗಳೂ ಸೇರಿದವು. ಸ್ವತಂತ್ರ ದೇಶದ ಮುದ್ರೆ ಇದ್ದದ್ದಕ್ಕೆ ಈ ಮರ್ಯಾದೆ ಸಿಕ್ಕಿತು. ಅದೇ ಪದಗಳನ್ನು ಆಮ್ಸ್ಟರ್‌ಡ್ಯಾಮ್‌ನ ಹುಡುಗ ತರಗತಿಯಲ್ಲಿ ಆಡಿದರೆ ಅದು ಈಗಲೂ ಅಶಿಸ್ತು.

ಇಲ್ಲಿ ಐಂಡ್‌ಹೋವನ್‌ನ ಆ ಅರಳಿದ ಮುಖವನ್ನು ಮತ್ತೆ ನೆನೆಯಬೇಕು. ‘ಆ ಹುಡುಗಿ’ ಎನ್ನಲು ಸರಿಯಾದ ಡಚ್ ‘ದಾತ್ ಮೆಯ್ಶೆ’, ಏಕೆಂದರೆ ಆ ಪದ ನಪುಂಸಕಲಿಂಗ. ‘ದೀ ಮೆಯ್ಶೆ’ ಎಂದರೆ ಲಿಂಗ ತಪ್ಪಿತು. ಮೊರೊಕ್ಕೊ ಮೂಲದ ಹುಡುಗರ ಗುರುತೆಂದೇ ಈ ಬಳಕೆಯನ್ನು ಎಣಿಸುತ್ತಾರೆ. ನೆದರ್‌ಲ್ಯಾಂಡ್ಸ್‌ನಲ್ಲೇ ಹುಟ್ಟಿ, ಬೇಕಾದಲ್ಲಿ ‘ದಾತ್’ ಎನ್ನಲು ಚೆನ್ನಾಗಿ ಬಲ್ಲವರೂ ಗೆಳೆಯರ ನಡುವೆ ಬೇಕೆಂದೇ ‘ದೀ’ ಎನ್ನುವುದುಂಟು. ಅದು ಅವರ ‘ಹೌದೂ’. ಆದರೆ ಅದನ್ನು ಕೇಳಿದವರು ನಗುವುದಿಲ್ಲ, ‘ಇವರು ಇನ್ನೂ ಭಾಷೆ ಕಲಿತಿಲ್ಲ’ ಎಂದು ಬರೆದುಕೊಳ್ಳುತ್ತಾರೆ. ಬ್ರಬಾಂಟಿನ ಪದ ಆಡಿದ ವಿದೇಶಿ ಎಂಜಿನಿಯರ್ ಊರಿಗೆ ಒಗ್ಗಿಕೊಂಡವರು, ಆಮ್ಸ್ಟರ್‌ಡ್ಯಾಮ್‌ನಲ್ಲೇ ಹುಟ್ಟಿದ ಹುಡುಗ ಮಾತ್ರ ಒಗ್ಗದವನು.

ಬದಲಾವಣೆ ಆಗಿಲ್ಲ ಎನ್ನಲಾರೆ. ದೊಡ್ಡ ನಿಘಂಟಾದ ವಾನ್ ದಾಲೆ ಬಹಳ ಕಾಲ ಬೆಲ್ಜಿಯಂನ ಪದಗಳಿಗೆ ಮಾತ್ರ ‘ಬೆಲ್ಜಿಯಂ’ ಎಂಬ ಗುರುತು ಹಾಕುತ್ತಿತ್ತು. ಗುರುತಿಲ್ಲದ್ದೆಲ್ಲ ಎಲ್ಲರದು ಎಂದು ಅರ್ಥ. 2015ರ ಆವೃತ್ತಿಯಿಂದ ನೆದರ್‌ಲ್ಯಾಂಡ್ಸ್‌ನಲ್ಲಿ ಮಾತ್ರ ಬಳಕೆಯಾಗುವ ಪದಗಳಿಗೂ ಗುರುತು ಬಿತ್ತು. ಉತ್ತರದವರದ್ದೂ ಒಂದು ಪ್ರಾಂತ್ಯದ ಮಾತು ಎಂದು ನಿಘಂಟು ಒಪ್ಪಿದ್ದು ಹಾಗೆ. ಆ ಪುಟ್ಟ ಗುರುತಿನ ಬೆಲೆ ಫ್ಲೆಮಿಶ್ ಮೇಷ್ಟ್ರುಗಳಿಗೆ ಗೊತ್ತು: ಕೆಂಪು ಮಸಿಯಲ್ಲಿ ಹೊಡೆದುಹಾಕುತ್ತಿದ್ದ ಪದಗಳನ್ನು ಈಗ ಹಾಗೇ ಬಿಡಬಹುದು.

ಅತ್ತ, 2021ರಿಂದ ಫ್ಲಾಂಡರ್ಸ್‌ನ ಶಿಶುವಿಹಾರಗಳ ಕೊನೆಯ ವರ್ಷದ ಮಕ್ಕಳೆಲ್ಲ ‘ಕೋಆಲಾ’ ಎಂಬ ಡಚ್ ಪರೀಕ್ಷೆಗೆ ಕೂರಬೇಕು. ಐದು ವರ್ಷದ ಮಕ್ಕಳು. ಹಿಂದೆ ಬಿದ್ದವರಿಗೆ ಬೇಗ ನೆರವು ಸಿಗಲಿ ಎಂಬ ಆಶಯವನ್ನು ನಾನು ಗೌರವಿಸುತ್ತೇನೆ. ಆದರೆ ಮನೆಯಲ್ಲಿ ಟರ್ಕಿಶ್ ಕೇಳಿ, ಅಂಗಳದಲ್ಲಿ ಗೆಂಕ್‌ನ ಸಿಟೆ ಮಾತು ಆಡಿ, ಟಿವಿಯಲ್ಲಿ ಲೇಔಟ್ ಫ್ಲೆಮಿಶ್ ಕೇಳಿ ಬೆಳೆದ ಮಗು ಮೂರು ಬಗೆಯ ಮಾತನ್ನು ಬಲ್ಲದು. ನಾಲ್ಕನೆಯದರಲ್ಲಿ ಮಾತ್ರ ಅದನ್ನು ಅಳೆಯುತ್ತಾರೆ.

ಈಗ ಅಳೆಯುವ ಕೆಲಸಕ್ಕೆ ಯಂತ್ರಗಳೂ ಇಳಿದಿವೆ. ಫೋನು, ಆಸ್ಪತ್ರೆಯ ಟಿಪ್ಪಣಿ, ಕಾಲ್ ಸೆಂಟರ್ ಎಲ್ಲ ಕಡೆ ಮಾತನ್ನು ಅಕ್ಷರವಾಗಿಸುವ ತಂತ್ರಾಂಶಗಳು ಬರುತ್ತಿವೆ. 2021ರಲ್ಲಿ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಡಚ್ ಮಾತನ್ನು ಗುರುತಿಸುವ ವ್ಯವಸ್ಥೆಯೊಂದನ್ನು ಪರೀಕ್ಷಿಸಿದಾಗ, ಡಚ್ಚನ್ನು ಆಮೇಲೆ ಕಲಿತವರ, ಮಕ್ಕಳ ಮತ್ತು ಮುದುಕರ ಮಾತಿನಲ್ಲಿ ಅದು ಹೆಚ್ಚು ತಪ್ಪು ಮಾಡಿತು. ಕಾರಣ ಸರಳ. ಯಂತ್ರ ಯಾರ ದನಿ ಕೇಳಿ ಕಲಿತಿದೆಯೋ ಅವರನ್ನೇ ಅರ್ಥಮಾಡಿಕೊಳ್ಳುತ್ತದೆ. ನೆದರ್‌ಲ್ಯಾಂಡ್ಸ್ ಮತ್ತು ಫ್ಲಾಂಡರ್ಸ್ ಕೂಡಿ ಧ್ವನಿಮುದ್ರಿಸಿ 2004ರಲ್ಲಿ ಮುಗಿಸಿದ ಮಾತಿನ ಭಂಡಾರದಲ್ಲಿ ಸುಮಾರು 90 ಲಕ್ಷ ಪದಗಳಿವೆ. ಅದರಲ್ಲಿ ಹತ್ತಿರ ಹತ್ತಿರ ಮೂರನೇ ಎರಡು ಭಾಗ ಉತ್ತರದ್ದು, ಉಳಿದದ್ದು ಫ್ಲಾಂಡರ್ಸ್‌ನದು, ಮತ್ತು ಅದು ಕಟ್ಟಿದ್ದೇ ಪ್ರಮಾಣ ಡಚ್ಚಿನ ಸುತ್ತ. ಅಷ್ಟು ದೊಡ್ಡ ಕೆಲಸ ಎರಡು ದೇಶಗಳು ಕೂಡಿ ಒಮ್ಮೆ ಮಾಡಿ ತೋರಿಸಿವೆ. ಮುಂದಿನ ಸಲ ಮೈಕು ಹಿಡಿದು ಹೊರಡುವವರು ಮೊದಲು ಗೆಂಕ್‌ನ ಹಳೆಯ ಗಣಿ ವಸತಿಗೆ, ಓಸ್ಟೆಂಡಿನ ಮೀನುಗಾರರ ಮನೆಗಳಿಗೆ, ಹೇಗ್‌ನ ಜೌಗು ಬದಿಯ ಬೀದಿಗಳಿಗೆ, ಪರಮಾರಿಬೊದ ಸಂತೆಗೆ ಹೋಗಲಿ. ಹಿಲ್ವರ್ಸಮ್‌ನ ದನಿ ಈಗಾಗಲೇ ಸಾಕಷ್ಟು ಸಿಕ್ಕಿದೆ.